ನೀಲಿ-ಹಸಿರು ಗೋಡೆ: ಮನೆಯ ಅಂದ, ಅಂಗಡಿಯ ಲೆಕ್ಕ

ಮನೆಯ ಒಳಗೋಡೆಗಳಿಗೆ ನೀಲಿ ಮತ್ತು ಹಸಿರಿನ ನಡುವಣ ತಂಪು ಬಣ್ಣಗಳನ್ನು ಬಯಸುವ ಗ್ರಾಹಕರು ಪ್ರತಿಯೊಂದು ಪೇಂಟ್ ಅಂಗಡಿಗೂ ಬರುತ್ತಾರೆ. ಈ ಬಣ್ಣಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಜವಳಿ ವರ್ತಕರು ಇದನ್ನು ರಾಮಾ ಗ್ರೀನ್ ಎನ್ನುತ್ತಾರೆ. ಪೇಂಟರುಗಳು ಸೀ ಗ್ರೀನ್ ಎನ್ನುತ್ತಾರೆ. ಮನೆಯ ಹಿರಿಯರು ನವಿಲಿನ ಕತ್ತಿನ ಬಣ್ಣ ಎನ್ನುತ್ತಾರೆ. ಮೂವರೂ ತಮ್ಮ ಮಟ್ಟಿಗೆ ಸರಿಯೇ. ಆದರೆ ಮೂವರ ಮನಸ್ಸಿನಲ್ಲಿರುವ ಬಣ್ಣ ಒಂದೇ ಆಗಿರುವುದಿಲ್ಲ. ಅಂಗಡಿಯಲ್ಲಿ ಮೆಚ್ಚಿಕೊಂಡ ಬಣ್ಣ ಗೋಡೆಯ ಮೇಲೆ ಬೇರೆಯಾಗಿ ಕಾಣುವ ದೂರು ಈ ಬಣ್ಣದ ವಿಷಯದಲ್ಲಿ ಸುಲಭವಾಗಿ ಹುಟ್ಟುತ್ತದೆ. ಆ ದೂರಿನ ಬೆಲೆಯನ್ನು ಕೊನೆಗೆ ತೆರುವವನು ವರ್ತಕ. ಏಕೆ ಹೀಗಾಗುತ್ತದೆ, ಇದನ್ನು ತಪ್ಪಿಸುವುದು ಹೇಗೆ ಮತ್ತು ತಪ್ಪಿದರೆ ನಷ್ಟದ ಲೆಕ್ಕ ಎಷ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಣ್ಣದ ಮೂಲದಲ್ಲಿ ತಾಮ್ರ

ತಾಮ್ರದ ಪಾತ್ರೆಗೆ ಹಿಡಿಯುವ ಕಿಲುಬನ್ನು ಎಲ್ಲರೂ ಕಂಡಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಿಳಿನೀಲಿಯನ್ನು ಮಲೆನಾಡಿನವರು ಬಲ್ಲರು. ಅದು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಎರಡರಲ್ಲಿಯೂ ಬಣ್ಣ ಬಂದಿರುವುದು ತಾಮ್ರದಿಂದ. ಗೋಡೆಯ ನೀಲಿ-ಹಸಿರು ಬಣ್ಣದ ಇತಿಹಾಸವೂ ಬಹುಮಟ್ಟಿಗೆ ತಾಮ್ರದ ಇತಿಹಾಸವೇ ಆಗಿದೆ.

ಈ ಇತಿಹಾಸದಲ್ಲಿ ಒಂದು ಕಹಿ ಅಧ್ಯಾಯವೂ ಉಂಟು. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ತಾಮ್ರ ಮತ್ತು ಆರ್ಸೆನಿಕ್ ಸೇರಿದ ಹಸಿರು ಬಣ್ಣವೊಂದನ್ನು ತಯಾರಿಸಿದನು. 1814ರ ಸುಮಾರಿಗೆ ಇನ್ನೂ ಉಜ್ವಲವಾದ ಎಮರಾಲ್ಡ್ ಗ್ರೀನ್ ಬಂದಿತು. ಅದೂ ತಾಮ್ರ-ಆರ್ಸೆನಿಕ್ ಸಂಯುಕ್ತವೇ. ಯೂರೋಪಿನ ಮನೆಗಳ ಗೋಡೆಕಾಗದಗಳಲ್ಲಿ ಇವುಗಳನ್ನು ಧಾರಾಳವಾಗಿ ಬಳಸಲಾಯಿತು. ತೇವವಿರುವ ಕೋಣೆಗಳಲ್ಲಿ ಬೂಷ್ಟು ಬೆಳೆದು ವಿಷಾನಿಲ ಹೊರಬರುವ ಸಂಗತಿ ತಿಳಿಯುವ ಹೊತ್ತಿಗೆ ಹಲವು ದಶಕಗಳು ಕಳೆದಿದ್ದವು.

ಇಂದು ಬಳಕೆಯಲ್ಲಿರುವ ನೀಲಿ ಮತ್ತು ಹಸಿರು ವರ್ಣದ್ರವ್ಯಗಳ ಕಥೆ ಬೇರೆ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಕಾರ್ಖಾನೆಯೊಂದರಲ್ಲಿ ಥ್ಯಾಲಿಮೈಡ್ ತಯಾರಿಸುವಾಗ ಪಾತ್ರೆಯ ಒಳಲೇಪ ಬಿರುಕು ಬಿಟ್ಟು, ಒಳಗಿನ ವಸ್ತು ಕಬ್ಬಿಣಕ್ಕೆ ತಗುಲಿತು. ಆಗ ಅನಿರೀಕ್ಷಿತವಾಗಿ ಗಾಢವಾದ ನೀಲಿ-ಹಸಿರು ಪದಾರ್ಥವೊಂದು ಉಂಟಾಯಿತು. ಕಬ್ಬಿಣದ ಬದಲು ತಾಮ್ರವನ್ನು ಬಳಸಿದಾಗ ದೊರೆತ ಥ್ಯಾಲೋಸಯನೀನ್ ನೀಲಿಯನ್ನು 1935ರಲ್ಲಿ ಬ್ರಿಟನ್ನಿನ ಐಸಿಐ ಸಂಸ್ಥೆ ಮೊನಾಸ್ಟ್ರಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇದಕ್ಕೆ ಕ್ಲೋರಿನ್ ಸೇರಿಸಿದರೆ ಥ್ಯಾಲೋಸಯನೀನ್ ಹಸಿರು ದೊರೆಯುತ್ತದೆ. ಈ ಎರಡು ವರ್ಣದ್ರವ್ಯಗಳಲ್ಲಿ ಆರ್ಸೆನಿಕ್ ಇಲ್ಲ, ಸೀಸವಿಲ್ಲ. ಇವು ಬಿಸಿಲಿಗೂ ಸುಣ್ಣ-ಸಿಮೆಂಟಿನ ಕ್ಷಾರಕ್ಕೂ ಜಗ್ಗುವುದಿಲ್ಲ. ಇವುಗಳ ಉತ್ಪಾದನೆಯಲ್ಲಿ ಭಾರತವು ಇಂದು ಮುಂಚೂಣಿಯಲ್ಲಿದ್ದು, ಗುಜರಾತಿನ ಅಂಕಲೇಶ್ವರ, ವಾಪಿ ಮುಂತಾದ ಕೈಗಾರಿಕಾ ಪ್ರದೇಶಗಳಿಂದ ದೇಶ-ವಿದೇಶಗಳಿಗೆ ಸರಬರಾಜಾಗುತ್ತಿದೆ.

ಈ ವರ್ಣದ್ರವ್ಯಗಳ ಇನ್ನೊಂದು ಗುಣವನ್ನು ವರ್ತಕರು ಅಗತ್ಯವಾಗಿ ಅರಿತಿರಬೇಕು. ಇವುಗಳ ಬಣ್ಣ ಕೊಡುವ ಶಕ್ತಿ ಅತ್ಯಧಿಕ. ತಿಳಿ ಬಣ್ಣದ ಒಂದು ಲೀಟರ್ ಬೇಸ್‌ಗೆ ಕೆಲವೇ ಹನಿಗಳು ಸಾಕು. ಹೀಗಾಗಿ ಟಿಂಟಿಂಗ್ ಯಂತ್ರದ ನಳಿಕೆಯಲ್ಲಿ ಒಣಗಿ ನಿಂತ ಅಲ್ಪ ಪ್ರಮಾಣದ ಕಲರೆಂಟ್ ಕೂಡ ನೀಲಿಯನ್ನು ಹಸಿರಿನತ್ತ ಅಥವಾ ಹಸಿರನ್ನು ನೀಲಿಯತ್ತ ವಾಲಿಸಬಲ್ಲದು.

ತಂಪು ಎಂಬ ಮಾತಿನ ಅರ್ಥ

ನೀಲಿ-ಹಸಿರನ್ನು ತಂಪು ಬಣ್ಣವೆನ್ನುವುದು ರೂಢಿ. ನೀರು, ಎಲೆ, ಆಕಾಶಗಳ ನೆನಪಿನಿಂದ ಕಣ್ಣಿಗೂ ಮನಸ್ಸಿಗೂ ಒದಗುವ ಅನುಭವ ಅದು. 1914ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶೆರ್ಮನ್ ತನ್ನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಣ್ಣು ಕೋರೈಸುವ ಬಿಳಿಯನ್ನು ಬಿಟ್ಟು ಹಸಿರನ್ನು ತಂದುದು ಕಣ್ಣಿನ ವಿಶ್ರಾಂತಿಗಾಗಿ. ಕೆಂಪನ್ನು ದೀರ್ಘಕಾಲ ನೋಡಿದ ಕಣ್ಣಿಗೆ ಅದರ ಎದುರು ಬಣ್ಣವಾದ ನೀಲಿ-ಹಸಿರು ಹಿತವೆನಿಸುತ್ತದೆ.

ಆದರೆ ಒಳಗೋಡೆಗೆ ಬಳಿದ ಯಾವುದೇ ಬಣ್ಣ ಕೋಣೆಯ ಉಷ್ಣಾಂಶವನ್ನು ಇಳಿಸುವುದಿಲ್ಲ. ಸೂರ್ಯನ ಶಾಖವನ್ನು ಹಿಂದಿರುಗಿಸುವುದು ಹೊರಗೋಡೆ ಮತ್ತು ತಾರಸಿಯ ಮೇಲಿನ ಬಿಳಿ ಅಥವಾ ತಿಳಿ ಲೇಪದ ಕೆಲಸ. ಆದುದರಿಂದ ಈ ಬಣ್ಣ ಬಳಿದರೆ ಸೆಖೆ ಕಡಿಮೆಯಾಗುತ್ತದೆ, ವಿದ್ಯುತ್ ಬಿಲ್ಲು ಇಳಿಯುತ್ತದೆ ಎಂದು ಅಂಗಡಿಯಲ್ಲಾಗಲೀ ಜಾಹೀರಾತಿನಲ್ಲಾಗಲೀ ಹೇಳುವುದು ಸಲ್ಲದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಂಡ ವಿಧಿಸಲು ಅವಕಾಶವಿದೆ. ಗಾಢ ಬಣ್ಣದ ವಿಷಯದಲ್ಲಂತೂ ಫಲ ವಿರುದ್ಧವಾಗಬಹುದು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ರಷ್ಟನ್ನು ಹಿಂದಿರುಗಿಸಿದರೆ, ಗಾಢ ನೀಲಿ-ಹಸಿರು ಅದರ ಅಲ್ಪ ಭಾಗವನ್ನು ಮಾತ್ರ ಹಿಂದಿರುಗಿಸುತ್ತದೆ. ನಾಲ್ಕೂ ಗೋಡೆಗಳಿಗೆ ಗಾಢ ಬಣ್ಣ ಬಳಿದ ಕೋಣೆಯಲ್ಲಿ ಹಗಲಿನಲ್ಲಿಯೂ ದೀಪ ಹಾಕಬೇಕಾದೀತು.

ಅಂಗಡಿಯ ಬೆಳಕು ಬೇರೆ, ಮನೆಯ ಬೆಳಕು ಬೇರೆ

ಬಣ್ಣವು ಗೋಡೆಯಲ್ಲಿ ಎಷ್ಟಿದೆಯೋ ಬೆಳಕಿನಲ್ಲಿಯೂ ಅಷ್ಟೇ ಇದೆ. ನೀಲಿ-ಹಸಿರು ಎರಡು ಬಣ್ಣಗಳ ಗಡಿಯಲ್ಲಿರುವುದರಿಂದ ಬೆಳಕು ಬದಲಾದಂತೆ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ವಾಲುತ್ತದೆ. ಗಮನಿಸಬೇಕಾದ ಸಂಗತಿಗಳು ಇವು:

1. ದೀಪ. 2700 ಕೆಲ್ವಿನ್‌ನ ಹಳದಿ ಛಾಯೆಯ ಎಲ್‌ಇಡಿ ದೀಪದಡಿ ಈ ಬಣ್ಣ ಹಸಿರಾಗಿ ಕಾಣುತ್ತದೆ. 6500 ಕೆಲ್ವಿನ್‌ನ ಬಿಳಿ ದೀಪದಡಿ ನೀಲಿಯಾಗಿ ಕಾಣುತ್ತದೆ. ಅಂಗಡಿಯಲ್ಲಿ ಬಿಳಿ ದೀಪ, ಮನೆಯಲ್ಲಿ ಹಳದಿ ದೀಪ ಇದ್ದರೆ ವಿವಾದ ಅಲ್ಲಿಯೇ ಆರಂಭವಾಗುತ್ತದೆ.

2. ದಿಕ್ಕು. ಉತ್ತರದ ಕಿಟಕಿಯ ಕೋಣೆಗೆ ನೇರ ಬಿಸಿಲು ಕಡಿಮೆ. ಅಲ್ಲಿ ಈ ಬಣ್ಣ ತುಸು ಬೂದು ಬೆರೆತಂತೆ ಕಾಣುತ್ತದೆ. ಪಶ್ಚಿಮದ ಕೋಣೆಯ ಸಂಜೆಯ ಬಿಸಿಲಿನಲ್ಲಿ ಅದೇ ಬಣ್ಣ ಹದವಾಗಿ ತೋರುತ್ತದೆ. ಕಿಟಕಿಯ ಹೊರಗೆ ದಟ್ಟವಾದ ತೋಟವಿದ್ದರೆ ಎಲೆಗಳ ಹಸಿರೂ ಗೋಡೆಗೆ ಸೇರುತ್ತದೆ.

3. ನೆಲ. ಹಳೆಯ ಮನೆಗಳ ಕೆಂಪು ಗಾರೆಯ ನೆಲದ ಪಕ್ಕದಲ್ಲಿ ನೀಲಿ-ಹಸಿರು ಇನ್ನಷ್ಟು ಉಜ್ವಲವಾಗಿ ಕಾಣುತ್ತದೆ, ಏಕೆಂದರೆ ಇವು ಪರಸ್ಪರ ಎದುರು ಬಣ್ಣಗಳು. ಶೇಡ್ ಕಾರ್ಡಿನಲ್ಲಿ ಸೌಮ್ಯವಾಗಿದ್ದುದು ಅಲ್ಲಿ ಗಾಢವೆನಿಸಬಹುದು.

4. ವಿಸ್ತಾರ. ಶೇಡ್ ಕಾರ್ಡಿನ ಸಣ್ಣ ತುಂಡಿಗಿಂತ ಇಡೀ ಗೋಡೆಯಲ್ಲಿ ಬಣ್ಣದ ಪ್ರಭಾವ ಹೆಚ್ಚು. ಸಂದೇಹವಿದ್ದಲ್ಲಿ ಒಂದು ಮೆಟ್ಟಿಲು ತಿಳಿಯಾದ ಶೇಡ್ ಆರಿಸುವುದು ಕ್ಷೇಮ.

5. ಒಣಗುವಿಕೆ. ಎಮಲ್ಷನ್ ಹಸಿಯಾಗಿದ್ದಾಗ ತಿಳಿಯಾಗಿ, ಒಣಗಿದ ಮೇಲೆ ತುಸು ಗಾಢವಾಗಿ ಕಾಣುತ್ತದೆ. ಆದುದರಿಂದ ಹಸಿ ಗೋಡೆಯನ್ನು ನೋಡಿ ಬಣ್ಣದ ತೀರ್ಮಾನ ಮಾಡಬಾರದು.

ಎಲ್ಲಿ, ಎಷ್ಟು ಬಳಸಬೇಕು

ತಿಳಿಯಾದ ನೀಲಿ-ಹಸಿರು ಮಲಗುವ ಕೋಣೆ ಮತ್ತು ಓದುವ ಕೋಣೆಗಳಿಗೆ ಒಪ್ಪುತ್ತದೆ. ಗಾಢವಾದುದನ್ನು ಹಜಾರದ ಒಂದೇ ಗೋಡೆಗೆ ಬಳಿದು, ಉಳಿದ ಮೂರು ಗೋಡೆಗಳಿಗೆ ಕೆನೆಬಿಳಿ ಅಥವಾ ತಿಳಿ ಮರಳಿನ ಬಣ್ಣ ಬಳಿಯುವುದು ಸಮತೂಕದ ಕ್ರಮ. ತೇಗದ ಬಾಗಿಲು, ಹಿತ್ತಾಳೆಯ ದೀಪ, ಬೆತ್ತದ ಕುರ್ಚಿ ಇವುಗಳ ಕಂದು ಮತ್ತು ಹೊನ್ನಿನ ಬಣ್ಣಕ್ಕೆ ಈ ಗೋಡೆ ಒಳ್ಳೆಯ ಹಿನ್ನೆಲೆಯಾಗುತ್ತದೆ. ಬೆಳಕು ಕಡಿಮೆಯಿರುವ ನಡುಮನೆಗೆ ಗಾಢ ಬಣ್ಣ ಸೂಕ್ತವಲ್ಲ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಗೋಡೆಯ ತೇವವನ್ನು ಮೊದಲು ಪರೀಕ್ಷಿಸಬೇಕು. ಗೋಡೆಯಿಂದ ಹೊರಬರುವ ಲವಣದ ಬಿಳಿ ಕಲೆಗಳು ಗಾಢ ಬಣ್ಣದ ಮೇಲೆ ಎದ್ದು ಕಾಣುತ್ತವೆ. ಹೊಸ ಸಿಮೆಂಟ್ ಗಾರೆ ಚೆನ್ನಾಗಿ ಆರುವ ಮುನ್ನ ಯಾವ ಬಣ್ಣವನ್ನೂ ಬಳಿಯಬಾರದು.

ಪ್ರಮಾಣದ ಅಂದಾಜು ಕಷ್ಟವಲ್ಲ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗೋಡೆಗಳ ವಿಸ್ತೀರ್ಣ 440 ಚದರ ಅಡಿ. ಬಾಗಿಲು-ಕಿಟಕಿಗಳಿಗೆ 60 ಕಳೆದರೆ 380 ಚದರ ಅಡಿ. ಪುಟ್ಟಿ, ಪ್ರೈಮರ್ ಆದ ನಯವಾದ ಗೋಡೆಗೆ ಎರಡು ಕೋಟು ಬಳಿಯಲು ಲೀಟರಿಗೆ ಸುಮಾರು 130 ಚದರ ಅಡಿ ಎಂದು ಹಿಡಿದರೆ 3 ಲೀಟರ್ ಬೇಕಾಗುತ್ತದೆ. ಒಂದೇ ಗೋಡೆಗಾದರೆ ಸುಮಾರು 1 ಲೀಟರ್ ಸಾಕು. ಗಾಢ ಬಣ್ಣಕ್ಕೆ ಕೆಲವೊಮ್ಮೆ ಮೂರನೆಯ ಕೋಟೂ ಬೇಕಾಗುವುದನ್ನು ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಒಂದು ಕೋಣೆಗೆ ಬೇಕಾದ ಅಷ್ಟೂ ಬಣ್ಣವನ್ನು ಒಂದೇ ಬಾರಿಗೆ, ಒಂದೇ ಬ್ಯಾಚಿನ ಬೇಸ್‌ನಿಂದ ಬೆರೆಸಿಕೊಡುವುದು ಮೇಲು. ಡಬ್ಬಿಗಳು ಎರಡಿದ್ದರೆ ಬಳಿಯುವ ಮುನ್ನ ದೊಡ್ಡ ಬಕೆಟ್ಟಿನಲ್ಲಿ ಕೂಡಿಸಿ ಕಲಕಿಕೊಳ್ಳುವಂತೆ ಪೇಂಟರಿಗೆ ಹೇಳಬೇಕು.

ಹಿಂದಿರುಗಿ ಬಂದ ಬಕೆಟ್ಟಿನ ಲೆಕ್ಕ

ಟಿಂಟಿಂಗ್ ಯಂತ್ರಗಳು 1990ರ ದಶಕದಿಂದ ನಮ್ಮ ಅಂಗಡಿಗಳಿಗೆ ಬಂದ ಮೇಲೆ ದಾಸ್ತಾನಿನ ಸ್ವರೂಪವೇ ಬದಲಾಯಿತು. ನೂರಾರು ಶೇಡುಗಳ ತಯಾರಾದ ಡಬ್ಬಿಗಳನ್ನು ಇಡುವ ಬದಲು ಕೆಲವು ಬಗೆಯ ಬೇಸ್ ಮತ್ತು ಹತ್ತು-ಹದಿನಾರು ಕಲರೆಂಟ್‌ಗಳನ್ನು ಇಟ್ಟರೆ ಸಾವಿರಾರು ಶೇಡುಗಳನ್ನು ಕೊಡಬಹುದು. ಬಂಡವಾಳದ ದೃಷ್ಟಿಯಿಂದ ಇದು ದೊಡ್ಡ ಲಾಭ. ಆದರೆ ಇದರ ಜೊತೆಗೆ ಒಂದು ಅಪಾಯವೂ ಬಂದಿದೆ. ಬೇಸ್ ಯಾರಿಗಾದರೂ ಮಾರಬಹುದಾದ ಸರಕು. ಕಲರೆಂಟ್ ಬಿದ್ದ ಮರುಕ್ಷಣ ಅದು ಒಬ್ಬನೇ ಗ್ರಾಹಕನ ಸರಕು. ಅವನು ಬೇಡವೆಂದರೆ ಅದಕ್ಕೆ ಬೇರೆ ಮಾರುಕಟ್ಟೆಯಿಲ್ಲ.

ಉದಾಹರಣೆಗಾಗಿ, ಕಲರೆಂಟ್ ಸೇರಿ 10 ಲೀಟರಿನ ಒಂದು ಬಕೆಟ್ಟಿಗೆ ವರ್ತಕನ ಖರೀದಿ ಬೆಲೆ ರೂ. 3,000 ಎಂದಿಟ್ಟುಕೊಳ್ಳೋಣ. ಶೇಕಡ 18ರ ಜಿಎಸ್‌ಟಿ ರೂ. 540. ಮಾರಾಟ ಬೆಲೆ ತೆರಿಗೆ ಬಿಟ್ಟು ರೂ. 3,400. ಅಂದರೆ ಒಂದು ಬಕೆಟ್ಟಿನ ಒಟ್ಟು ಲಾಭ ರೂ. 400. ಗ್ರಾಹಕನು ಬಣ್ಣ ಒಪ್ಪದೆ ಬಕೆಟ್ಟನ್ನು ಬಿಟ್ಟುಹೋದರೆ ಎರಡು ಪರಿಣಾಮಗಳು ಸಾಧ್ಯ:

ಮೊದಲನೆಯದು, ಗೋದಾಮಿನ ಗೋಡೆಗೋ ಕಾಂಪೌಂಡಿನ ಒಳಭಾಗಕ್ಕೋ ಬಯಸುವವರಿಗೆ ರೂ. 1,800ಕ್ಕೆ ಮಾರುವುದು. ನಷ್ಟ ರೂ. 1,200. ಅಂದರೆ 3 ಬಕೆಟ್ಟುಗಳ ಲಾಭ ಹೋಯಿತು. ಆದರೆ ಸರಕು ತೆರಿಗೆ ಸಹಿತ ಮಾರಾಟವಾಗಿರುವುದರಿಂದ ಇನ್‌ಪುಟ್ ತೆರಿಗೆ ಕ್ರೆಡಿಟ್‌ಗೆ ಧಕ್ಕೆಯಿಲ್ಲ.

ಎರಡನೆಯದು, ಅದು ಮೂಲೆಯಲ್ಲಿ ಕುಳಿತು ಕೆಟ್ಟು, ವರ್ಷಾಂತ್ಯದಲ್ಲಿ ಲೆಕ್ಕದಿಂದ ತೆಗೆದುಹಾಕುವುದು. ಕೇಂದ್ರ ಜಿಎಸ್‌ಟಿ ಕಾಯಿದೆಯ ಕಲಂ 17(5)(ಎಚ್) ಪ್ರಕಾರ ಕಳೆದುಹೋದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಅಥವಾ ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲ; ಪಡೆದಿದ್ದರೆ ಹಿಂದಿರುಗಿಸಬೇಕು. ಆಗ ನಷ್ಟ 3,000 ಮತ್ತು 540 ಸೇರಿ ರೂ. 3,540. ಇದನ್ನು ತುಂಬಿಕೊಳ್ಳಲು ಸುಮಾರು 9 ಬಕೆಟ್ಟುಗಳನ್ನು ಹೊಸದಾಗಿ ಮಾರಬೇಕು.

ಹೀಗಾಗಿ ಹಿಂದಿರುಗಿದ ಬಣ್ಣವನ್ನು ಕಡಿಮೆ ಬೆಲೆಗಾದರೂ ಬೇಗ ಬಿಲ್ಲು ಹಾಕಿ ಮಾರುವುದು, ಇಟ್ಟುಕೊಂಡು ಕೆಡಿಸುವುದಕ್ಕಿಂತ ಮೇಲು. ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಇಂತಹ ಬಕೆಟ್ಟುಗಳನ್ನು ಪ್ರತ್ಯೇಕವಾಗಿ ತೋರಿಸಬೇಕು. ಲೆಕ್ಕಪತ್ರ ಮಾನದಂಡ 2ರಂತೆ ದಾಸ್ತಾನಿನ ಮೌಲ್ಯ ಖರೀದಿ ವೆಚ್ಚ ಅಥವಾ ಕೈಗೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ರೂ. 1,800 ಸಹ ಬಾರದ ಬಕೆಟ್ಟನ್ನು ರೂ. 3,000 ಎಂದು ತೋರಿಸಿದರೆ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಗುತ್ತದೆ. ಮೌಲ್ಯವನ್ನು ಹೀಗೆ ಇಳಿಸಿ ತೋರಿಸುವುದೇ ಬೇರೆ, ಸರಕನ್ನೇ ಲೆಕ್ಕದಿಂದ ಪೂರ್ತಿಯಾಗಿ ತೆಗೆದುಹಾಕುವುದೇ ಬೇರೆ ಎಂಬ ವ್ಯತ್ಯಾಸವನ್ನು ಮರೆಯಬಾರದು.

ತಪ್ಪು ಯಾರದು ಎಂಬ ಪ್ರಶ್ನೆ

ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ವರ್ತಕನು ಪಾರಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಇಲ್ಲಿ ಮುಖ್ಯವಾದುದು ದೋಷ ಎಂಬ ಪದ. ಗ್ರಾಹಕನು ಆರಿಸಿದ ಕೋಡಿನಂತೆಯೇ ಬೆರೆಸಿದ ಬಣ್ಣ ಅವನ ಮನೆಯ ದೀಪದಡಿ ಬೇರೆಯಾಗಿ ಕಂಡರೆ ಅದು ಸರಕಿನ ದೋಷವೆನಿಸುವುದು ಕಷ್ಟ. ಯಂತ್ರ ತಪ್ಪು ಅಳತೆ ಸುರಿಸಿದ್ದರೆ ಅದು ದೋಷವೇ ಸರಿ. ಎರಡರ ನಡುವಣ ವ್ಯತ್ಯಾಸವನ್ನು ತೋರಿಸಬಲ್ಲುದು ದಾಖಲೆ ಮಾತ್ರ. ಆದುದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಉಚಿತ:

1. ರಾಮಾ ಗ್ರೀನ್, ಸೀ ಗ್ರೀನ್ ಮುಂತಾದ ಹೆಸರುಗಳ ಮೇಲೆ ಆರ್ಡರ್ ಪಡೆಯಬಾರದು. ಶೇಡ್ ಕೋಡ್, ಬೇಸ್, ಬ್ಯಾಚ್ ಸಂಖ್ಯೆ ಮತ್ತು ಪ್ರಮಾಣವನ್ನು ಚೀಟಿಯಲ್ಲಿ ಬರೆದು ಗ್ರಾಹಕನ ಸಹಿ ಪಡೆಯಬೇಕು.

2. ದೊಡ್ಡ ಆರ್ಡರಿಗೆ ಮೊದಲು ಸಣ್ಣ ಮಾದರಿ ಡಬ್ಬಿ ಕೊಟ್ಟು, ಗೋಡೆಯ ಮೇಲೆ ಎರಡು ಅಡಿ ಚೌಕದಷ್ಟು ಎರಡು ಕೋಟು ಬಳಿದು, ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ದೀಪದಡಿ ನೋಡುವಂತೆ ಹೇಳಬೇಕು. ಮಾದರಿಯನ್ನು ಉಚಿತವಾಗಿ ಕೊಟ್ಟರೆ ಅದರ ತೆರಿಗೆ ಕ್ರೆಡಿಟ್ ಹೋಗುತ್ತದೆ. ಅಲ್ಪ ಬೆಲೆಗಾದರೂ ಬಿಲ್ಲು ಹಾಕುವುದು ಸರಿಯಾದ ಮಾರ್ಗ.

3. ಬೆರೆಸಿದ ಪ್ರತಿ ಡಬ್ಬಿಯ ಬಣ್ಣವನ್ನು ಒಂದು ತುಂಡು ಕಾರ್ಡಿಗೆ ಬಳಿದು, ಒಣಗಿಸಿ, ದಿನಾಂಕ ಹಾಕಿ ಚೀಟಿಯೊಡನೆ ಇಡಬೇಕು. ಮೂರು ತಿಂಗಳ ಅನಂತರ ಗ್ರಾಹಕನು ಇನ್ನೊಂದು ಲೀಟರ್ ಕೇಳಲು ಬಂದಾಗಲೂ ಇದು ನೆರವಾಗುತ್ತದೆ.

4. ಯಂತ್ರದ ನಳಿಕೆಗಳನ್ನು ಪ್ರತಿದಿನ ಶುಚಿಗೊಳಿಸಿ, ಅಳತೆಯ ಪರೀಕ್ಷೆಯನ್ನು ನಿಯಮಿತವಾಗಿ ಮಾಡಿಸಿ, ಆ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ನಮೂದಿಸಬೇಕು.

ಸಣ್ಣ ತಯಾರಕರು ಗಮನಿಸಬೇಕಾದುದು

ಬಣ್ಣದ ಉದ್ಯಮಕ್ಕೆ ಕರ್ನಾಟಕ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 2018ರಲ್ಲಿ ಏಷ್ಯನ್ ಪೇಂಟ್ಸ್ ಸಂಸ್ಥೆಯ ಬೃಹತ್ ಘಟಕ ಮೈಸೂರಿನ ಬಳಿ ಕಾರ್ಯಾರಂಭ ಮಾಡಿತು. 2024ರಲ್ಲಿ ಬಿರ್ಲಾ ಓಪಸ್ ಹೆಸರಿನೊಡನೆ ಈ ಕ್ಷೇತ್ರಕ್ಕಿಳಿದ ಗ್ರಾಸಿಂ ಸಂಸ್ಥೆಯ ಘಟಕಗಳಲ್ಲೊಂದು ಚಾಮರಾಜನಗರದಲ್ಲಿದೆ. ದೊಡ್ಡ ಸಂಸ್ಥೆಗಳೊಡನೆ ಶೇಡುಗಳ ಸಂಖ್ಯೆಯಲ್ಲಿ ಪೈಪೋಟಿ ನಡೆಸುವುದು ಸಣ್ಣ ತಯಾರಕರಿಗೆ ಅಸಾಧ್ಯ. ಕೆಲವೇ ಶೇಡುಗಳನ್ನು, ಬ್ಯಾಚಿನಿಂದ ಬ್ಯಾಚಿಗೆ ಬದಲಾಗದಂತೆ, ನಂಬಿಕೆಗೆ ಅರ್ಹವಾಗಿ ತಯಾರಿಸುವುದು ಸಾಧ್ಯ.

ಇದಕ್ಕೆ ಮೊದಲ ಅಗತ್ಯ ಸರಿಯಾದ ವರ್ಣದ್ರವ್ಯದ ಆಯ್ಕೆ. ಅಗ್ಗದ ಹಸಿರನ್ನು ಪ್ರಷ್ಯನ್ ನೀಲಿ ಮತ್ತು ಕ್ರೋಮ್ ಹಳದಿಯ ಮಿಶ್ರಣದಿಂದ ಪಡೆಯುವ ಹಳೆಯ ಪದ್ಧತಿಯೊಂದಿತ್ತು. ಪ್ರಷ್ಯನ್ ನೀಲಿ ಸುಣ್ಣ ಮತ್ತು ಸಿಮೆಂಟಿನ ಕ್ಷಾರ ತಗುಲಿದರೆ ಕಂದಾಗಿ ಕೆಡುತ್ತದೆ. ಕ್ರೋಮ್ ಹಳದಿಯೆಂದರೆ ಸೀಸದ ಕ್ರೋಮೇಟ್. ಗೋಡೆಯಿಂದ ಉದುರುವ ಬಣ್ಣದ ಪುಡಿಯ ಮೂಲಕ ಸೀಸವು ಮಕ್ಕಳ ದೇಹ ಸೇರಿದರೆ ಮೆದುಳಿನ ಬೆಳವಣಿಗೆಗೆ ಶಾಶ್ವತ ಹಾನಿಯಾಗುತ್ತದೆ. ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಸೀಮಿತಗೊಳಿಸುವ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಪ್ರಕಟಿಸಿತು. 2017ರ ನವೆಂಬರ್‌ನಿಂದ ಅವು ಜಾರಿಯಲ್ಲಿವೆ. ಡಬ್ಬಿಯ ಮೇಲೆ ಈ ಮಿತಿಯ ಘೋಷಣೆ ಕಡ್ಡಾಯ. ಸಣ್ಣ ಘಟಕವೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ವರ್ತಕರೂ ಈ ಘೋಷಣೆಯಿಲ್ಲದ ಡಬ್ಬಿಯನ್ನು ಅಂಗಡಿಗೆ ಸೇರಿಸಬಾರದು.

ಎರಡನೆಯ ಅಗತ್ಯ ಪರೀಕ್ಷೆ. ಥ್ಯಾಲೋಸಯನೀನ್ ವರ್ಣದ್ರವ್ಯದ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವದವು. ಹಾಗಾದಾಗ ಬ್ರಷ್ ಆಡಿಸಿದ ಕಡೆ ಒಂದು ಬಣ್ಣ, ರೋಲರ್ ಆಡಿಸಿದ ಕಡೆ ಇನ್ನೊಂದು ಬಣ್ಣ ಕಾಣುತ್ತದೆ. ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಕಾರ್ಡಿನ ಮೇಲೆ ಬಳಿದ ಬಣ್ಣ ಅರೆ ಒಣಗಿದಾಗ ಒಂದು ಭಾಗವನ್ನು ಬೆರಳಿನಿಂದ ಉಜ್ಜಬೇಕು. ಉಜ್ಜಿದ ಭಾಗ ಗಾಢವಾದರೆ ಕಣಗಳು ಸರಿಯಾಗಿ ಹರಡಿಲ್ಲವೆಂದು ಅರ್ಥ. ಅಂತಹ ಬ್ಯಾಚನ್ನು ಕಾರ್ಖಾನೆಯಿಂದ ಹೊರಗೆ ಬಿಡಬಾರದು.

ಉಪಸಂಹಾರ

ಬಣ್ಣ ಬಳಿಸುವುದು ಮಧ್ಯಮ ವರ್ಗದ ಕುಟುಂಬಕ್ಕೆ ನಾಲ್ಕಾರು ವರ್ಷಗಳಿಗೊಮ್ಮೆ ಬರುವ ವೆಚ್ಚ. ಮದುವೆಗೋ ಹಬ್ಬಕ್ಕೋ ಉಳಿಸಿಟ್ಟ ಹಣದಿಂದ ಅದು ನಡೆಯುತ್ತದೆ. ಗೋಡೆ ಕೆಟ್ಟರೆ ಆ ಮನೆಯವರು ಅಷ್ಟು ವರ್ಷ ಅದನ್ನೇ ನೋಡುತ್ತಿರಬೇಕು, ಅಂಗಡಿಯ ಹೆಸರನ್ನೂ ನೆನೆಯುತ್ತಿರುತ್ತಾರೆ. ನೀಲಿ-ಹಸಿರು ಚಂದದ ಬಣ್ಣ, ಆದರೆ ಬೆಳಕಿಗೆ ತಕ್ಕಂತೆ ಮಾತು ಬದಲಿಸುವ ಬಣ್ಣ. ಕಲರೆಂಟ್ ಬೀಳುವ ಮುನ್ನ ಗ್ರಾಹಕನನ್ನು ಒಂದು ದಿನ ಕಾಯಿಸಿ ಅವನದೇ ಗೋಡೆಯ ಮೇಲೆ ಮಾದರಿ ತೋರಿಸುವ ವರ್ತಕನಿಗೆ ಆ ದಿನದ ಮಾರಾಟ ಒಂದು ದಿನ ತಡವಾದೀತು. ಆದರೆ ಒಂಬತ್ತು ಬಕೆಟ್ಟುಗಳ ಲಾಭವನ್ನು ಒಂದು ಬಕೆಟ್ಟಿನಲ್ಲಿ ಕಳೆದುಕೊಳ್ಳುವ ಪ್ರಸಂಗ ಅವನಿಗೆ ಬಾರದು.